ಮಂಡಿಯ ಕೆಳಗಿನ ದಿಂಬು

ಟಪ್ ಎಂದ ಸದ್ದು ನನಗೊಬ್ಬಳಿಗೇ ಕೇಳಿಸಿತು ಅಂದುಕೊಂಡಿದ್ದೆ. ಗೆರೆಯ ಹತ್ತಿರ ನಿಂತಿದ್ದ ಮೇಷ್ಟ್ರು ಆಮೇಲೆ ಹೇಳಿದರು, ಅವರಿಗೂ ಕೇಳಿಸಿತ್ತಂತೆ.

2022ರ ಸೆಪ್ಟೆಂಬರ್. ಸಂಡೂರಿನಲ್ಲಿ ಶಿಕ್ಷಕಿಯರ ಥ್ರೋಬಾಲ್ ಪಂದ್ಯ. ನೆಟ್ಟಿನ ಮೇಲೆ ಬಂದ ಚೆಂಡಿಗೆ ಹಾರಿದೆ, ಹಿಡಿದೆ. ಇಳಿಯುವಾಗ ಎಡಗಾಲು ನೆಲಕ್ಕೆ ಊರಿ ಅಲ್ಲೇ ನಿಂತಿತು, ಮೈ ಮಾತ್ರ ಬಲಕ್ಕೆ ತಿರುಗಿತು. ಯಾರೂ ನನ್ನನ್ನು ತಳ್ಳಿರಲಿಲ್ಲ, ಯಾರೂ ತಾಗಿರಲೂ ಇಲ್ಲ. ಕೆಳಗೆ ಬಿದ್ದವಳು ಚೆಂಡನ್ನು ಬಿಟ್ಟಿರಲಿಲ್ಲ. ಜೊತೆಯ ಟೀಚರುಗಳು ಬೆರಳು ಬಿಡಿಸಿ ಚೆಂಡು ತೆಗೆದುಕೊಂಡದ್ದು ನೆನಪಿದೆ. ನಮ್ಮೂರು ಯಶವಂತನಗರಕ್ಕೆ ಬರುವಷ್ಟರಲ್ಲಿ ಮಂಡಿ ತೆಂಗಿನಕಾಯಿಯ ಗಾತ್ರಕ್ಕೆ ಬಾತಿತ್ತು.

ಮರುದಿನ ತೋರಿಸಿದ ಡಾಕ್ಟರು ಎಕ್ಸ್‌ರೇ ತೆಗೆಸಿದರು. ಮೂಳೆ ಮುರಿದಿಲ್ಲ, ಉಳುಕಿದೆ, ಹದಿನೈದು ದಿನ ರೆಸ್ಟ್ ಮಾಡಿ ಅಂದರು. ಎಕ್ಸ್‌ರೇಯಲ್ಲಿ ಮೂಳೆ ಕಾಣುತ್ತದೆ, ಲಿಗಮೆಂಟು ಕಾಣುವುದಿಲ್ಲ ಎಂಬುದು ನನಗೆ ಆಗ ಗೊತ್ತಿರಲಿಲ್ಲ. ಗೊತ್ತಿದ್ದವರು ಹೇಳಬೇಕಿತ್ತು. ಅದಾದ ಮೇಲೆ ನೆಂಟರೊಬ್ಬರು ಕರೆದುಕೊಂಡು ಹೋಗಿ ನಾಟಿ ಕಟ್ಟು ಹಾಕಿಸಿದರು. ಮೊಟ್ಟೆಯ ಬಿಳಿ, ಸೊಪ್ಪಿನ ಲೇಪ, ಬಿದಿರಿನ ಸೀಳು. ಮೂರು ವಾರಕ್ಕೆ ಬಾವು ಇಳಿಯಿತು. ನೆಟ್ಟಗೆ ನಡೆದರೆ ಏನೂ ಆಗುತ್ತಿರಲಿಲ್ಲ. ವಾಸಿಯಾಯಿತು ಅಂದುಕೊಂಡು ಶಾಲೆಗೆ ಹೋದೆ.

ಬೋರ್ಡಿನ ಮೇಲೆ ಬರೆಯುತ್ತಿದ್ದವಳು ಹಿಂದಿನ ಬೆಂಚಿನ ಹುಡುಗ ಕರೆದನೆಂದು ತಿರುಗಿದೆ. ತೊಡೆಯ ಮೂಳೆ ಒಂದು ಕಡೆ, ಕೆಳಗಿನ ಮೂಳೆ ಇನ್ನೊಂದು ಕಡೆ ಹೋದ ಹಾಗಾಯಿತು. ಕಾಲು ಜಾರಿದ್ದಲ್ಲ, ಕಾಲಿನೊಳಗೇ ಏನೋ ಜಾರಿತು. ಮೇಜು ಹಿಡಿದುಕೊಂಡೆ. ಅಂಥದ್ದು ಮುಂದಿನ ತಿಂಗಳುಗಳಲ್ಲಿ ಏಳು ಸಲ ಆಯಿತು. ಒಂದು ಸಲ ಸಂಡೂರು ಬಸ್‌ಸ್ಟ್ಯಾಂಡಿನಲ್ಲಿ, ಬಸ್ಸಿನಿಂದ ಇಳಿಯುವಾಗ. ಹಿಂದೆ ಇದ್ದ ಅಜ್ಜಿಯೊಬ್ಬಳು ನನ್ನ ಸೆರಗು ಹಿಡಿಯದಿದ್ದರೆ ಅದಿರಿನ ಲಾರಿಗಳು ತಿರುಗುವ ರಸ್ತೆಗೆ ಬೀಳುತ್ತಿದ್ದೆ. ನನ್ನ ಕಾಲಿನ ಮೇಲೆ ನನಗಿದ್ದ ನಂಬಿಕೆ ಹೋದದ್ದು ಆವತ್ತು.

ಹೊಸಪೇಟೆಯಲ್ಲಿ ಎಂಆರ್‌ಐ ಮಾಡಿಸಿದ ಮೇಲೆ ಹೆಸರು ತಿಳಿಯಿತು. ಎಸಿಎಲ್ ಎಂಬ ಲಿಗಮೆಂಟು ಪೂರ್ತಿ ಹರಿದಿದೆ, ಮೆನಿಸ್ಕಸ್ ಎಂಬ ಮೆತ್ತೆಯ ಅಂಚೂ ಕಿತ್ತಿದೆ. ಸರ್ಜನ್ ನನ್ನನ್ನು ಮಲಗಿಸಿ, ಮಂಡಿಯನ್ನು ಸ್ವಲ್ಪ ಮಡಚಿ, ಒಂದು ಕೈಯಲ್ಲಿ ತೊಡೆ ಹಿಡಿದು ಇನ್ನೊಂದರಲ್ಲಿ ಮೊಣಕಾಲ ಕೆಳಗಿನ ಮೂಳೆಯನ್ನು ಮುಂದಕ್ಕೆ ಎಳೆದರು. ಅದು ಮೇಜಿನ ಸಡಿಲ ಡ್ರಾಯರ್ ಬಂದ ಹಾಗೆ ಬಂತು. ಬಲಗಾಲಿನಲ್ಲಿ ಅದೇ ಪರೀಕ್ಷೆಗೆ ಮೂಳೆ ಟಕ್ಕನೆ ನಿಂತಿತು. ಆ ವ್ಯತ್ಯಾಸ ನೋಡಿದ ಮೇಲೆ ನನಗೆ ಎಂಆರ್‌ಐ ಫಿಲಮ್ಮೇ ಬೇಕಿರಲಿಲ್ಲ. ಮಂಡಿಯ ನಡುವೆ ಓರೆಯಾಗಿ ಕಟ್ಟಿದ ಆ ಹುರಿ ಮೂರು ಸೆಂಟಿಮೀಟರಿಗಿಂತ ಸ್ವಲ್ಪ ಉದ್ದ, ಅಷ್ಟೇ. ಅದು ಹರಿದರೆ ತಾನಾಗಿ ಕೂಡಿಕೊಳ್ಳುವುದು ಕಷ್ಟ. ಬೇರೆ ಕಡೆ ಗಾಯವಾದರೆ ರಕ್ತ ಹೆಪ್ಪುಗಟ್ಟಿ ಎರಡು ತುದಿಗೂ ಸೇತುವೆಯಾಗುತ್ತದೆ. ಮಂಡಿಯೊಳಗಿನ ದ್ರವ ಆ ಹೆಪ್ಪನ್ನು ನಿಲ್ಲಗೊಡುವುದಿಲ್ಲ. ಹಾರಿ ಇಳಿಯುವ ಆಟಗಳಲ್ಲಿ ಇದು ಹೆಣ್ಣುಮಕ್ಕಳಿಗೆ ಗಂಡುಮಕ್ಕಳಿಗಿಂತ ಎರಡು ಪಟ್ಟಿಗೂ ಹೆಚ್ಚು ಆಗುತ್ತದೆ, ಇಳಿಯುವಾಗ ಮಂಡಿ ಒಳಕ್ಕೆ ವಾಲುವುದು ಒಂದು ಕಾರಣ ಎಂದು ಅವರು ವಿವರಿಸಿದರು. ಶಾಲೆಯಲ್ಲಿ ಎಷ್ಟು ಹುಡುಗಿಯರನ್ನು ಖೋಖೋ, ಕಬಡ್ಡಿಗೆ ಕಳಿಸಿದ್ದೇನೆ. ಇಳಿಯುವುದನ್ನು ಒಬ್ಬರಿಗೂ ಕಲಿಸಿರಲಿಲ್ಲ, ನನಗೂ ಯಾರೂ ಕಲಿಸಿರಲಿಲ್ಲ.

ನಮ್ಮ ಮನೆಯವರು ಗಣಿಯೊಂದರ ವೇಬ್ರಿಡ್ಜಿನಲ್ಲಿ ಕೆಲಸ ಮಾಡುತ್ತಾರೆ. ಎರಡು ಬಳೆ ಅಡವಿಟ್ಟು ದುಡ್ಡು ಹೊಂದಿಸಿದೆವು. 2023ರ ಜನವರಿ ಎರಡನೇ ವಾರ ಹುಬ್ಬಳ್ಳಿಯಲ್ಲಿ ಆಪರೇಷನ್ ಆಯಿತು. ಬೆನ್ನಿಗೆ ಇಂಜೆಕ್ಷನ್ ಕೊಟ್ಟು ಸೊಂಟದ ಕೆಳಗೆ ಮರಗಟ್ಟಿಸಿದರು. ತೊಡೆಯ ಹಿಂಭಾಗದ ಎರಡು ಸ್ನಾಯುರಜ್ಜು ತೆಗೆದು, ಮಡಚಿ ಹುರಿಮಾಡಿ, ಮೂಳೆಯಲ್ಲಿ ತೂತು ಕೊರೆದು ಹೊಸ ಲಿಗಮೆಂಟಾಗಿ ಕೂರಿಸಿದರು. ಕೊರೆಯುವ ಸದ್ದು ಕೇಳಿಸುತ್ತಿತ್ತು, ನೋವಿರಲಿಲ್ಲ. ಮೂರನೇ ದಿನ ಮನೆಗೆ ಕಳಿಸಿದರು. ಆಪರೇಷನ್ನಿನ ಬಗ್ಗೆ ನನಗೆ ಹೇಳುವುದು ಇಷ್ಟೇ ಇದೆ. ಡಿಸ್‌ಚಾರ್ಜ್ ಕಾಗದದ ಕೊನೆಯ ಸಾಲಿನಲ್ಲಿ ಫಿಸಿಯೋಥೆರಪಿ ಮಾಡಿಸುವುದು ಎಂದು ಬರೆದಿತ್ತು. ಎಲ್ಲಿ, ಯಾವಾಗಿನಿಂದ, ಎಷ್ಟು ಎಂದು ಬರೆದಿರಲಿಲ್ಲ. ಹೊಲಿಗೆ ಬಿಚ್ಚಿದ ಮೇಲೆ ನೋಡಿದರಾಯಿತು ಎಂದು ನಾವೇ ಅರ್ಥ ಮಾಡಿಕೊಂಡೆವು.

ಮನೆಯಲ್ಲಿ ನಡುಮನೆಯ ಮಂಚ ನನಗೆ ಬಿಟ್ಟುಕೊಟ್ಟರು. ನಮ್ಮ ಅತ್ತೆ ತಮ್ಮ ಬೂರುಗದ ಹತ್ತಿಯ ದಿಂಬು ತಂದು ನನ್ನ ಮಂಡಿಯ ಕೆಳಗಿಟ್ಟರು. ಎಂಥ ಸುಖ! ಮಂಡಿ ಸ್ವಲ್ಪ ಮಡಚಿದ್ದರೆ ಒಳಗಿನ ಬಿಗಿ ಸಡಿಲವಾಗುತ್ತದೆ, ನೋವು ಅರ್ಧಕ್ಕರ್ಧ ಇಳಿಯುತ್ತದೆ. ಆ ದಿಂಬಿನ ಮೇಲೆ ಕಾಲಿಟ್ಟು ಹಗಲೂ ರಾತ್ರಿ ಮಲಗಿದೆ. ನೋಡಲು ಬಂದವರೆಲ್ಲ ಒಂದೇ ಮಾತು: "ಅಲ್ಲಾಡಿಸಬ್ಯಾಡ್ರಿ ಟೀಚರಮ್ಮ, ಒಳಗಿನ ಹೊಲಿಗಿ ಬಿಚ್ಚಿದ್ರ ಮತ್ತ ಆಪರೇಷನ್ನು." ಮೈದುನ ದಿನ ಬಿಟ್ಟು ದಿನ ಕಾಲು ಸೂಪ್ ತರುತ್ತಿದ್ದ. ನಾನು ಬಾತ್‌ರೂಮಿಗೆ ಎದ್ದರೆ ಮೂವರು ಹಿಡಿಯುತ್ತಿದ್ದರು. ನನ್ನ ಮಗಳು, ಆಗ ಆರನೇ ಕ್ಲಾಸು, ಶಾಲೆಯಿಂದ ಬಂದೊಡನೆ ದಿಂಬು ಸರಿಯಾಗಿದೆಯೇ ಎಂದು ಮುಟ್ಟಿ ನೋಡುತ್ತಿದ್ದಳು. ಇಷ್ಟು ಪ್ರೀತಿ ನನಗೆ ಬಾಣಂತನದಲ್ಲೂ ಸಿಕ್ಕಿರಲಿಲ್ಲ. ಅದರ ಬಗ್ಗೆ ಈಗಲೂ ಒಂದು ಕೆಟ್ಟ ಮಾತು ಆಡಲಾರೆ. ಆದರೆ ಆ ಪ್ರೀತಿಯೇ ನನ್ನ ಕಾಲನ್ನು ಮರದ ಕೊರಡು ಮಾಡುತ್ತಿತ್ತು, ನಮ್ಮಲ್ಲಿ ಯಾರಿಗೂ ಗೊತ್ತಾಗಲಿಲ್ಲ.

ಇಪ್ಪತ್ತನಾಲ್ಕನೇ ದಿನ ಹೊಸಪೇಟೆಯ ಫಿಸಿಯೋ ಹತ್ತಿರ ಹೋದೆವು. ಬಾಡಿಗೆ ಕಾರಿನ ಹಿಂದಿನ ಸೀಟಿನಲ್ಲಿ ಕಾಲು ಉದ್ದಕ್ಕೆ ಹಾಕಿಕೊಂಡು, ಅಲ್ಲಿಗೂ ಅದೇ ದಿಂಬು ಒಯ್ದಿದ್ದೆ. ಫಿಸಿಯೋ ನನಗಿಂತ ಹತ್ತು ವರ್ಷ ಚಿಕ್ಕ ಹುಡುಗಿ. ಮಂಡಿಗೆ ಕಟ್ಟಿದ್ದ ಬೆಲ್ಟು ಬಿಚ್ಚಿದಾಗ ನನ್ನ ತೊಡೆಯನ್ನು ನಾನೇ ಮೊದಲ ಸಲ ಸರಿಯಾಗಿ ನೋಡಿದೆ. ಮಾಂಸ ಬತ್ತಿ, ತೊಗಲು ಜೋತುಬಿದ್ದಿತ್ತು. ಟೇಪು ಹಿಡಿದರೆ ಬಲತೊಡೆಗಿಂತ ನಾಲ್ಕು ಸೆಂಟಿಮೀಟರ್ ಕಡಿಮೆ. "ಮೇಡಂ, ತೊಡೆ ಬಿಗಿ ಮಾಡ್ರಿ" ಅಂದಳು. ಮಾಡಿದೆ, ಅಂದರೆ ಮಾಡಬೇಕೆಂದುಕೊಂಡೆ. ತೊಡೆಯಲ್ಲಿ ಏನೂ ಆಗಲಿಲ್ಲ. ಇನ್ನೊಮ್ಮೆ. ಹಲ್ಲು ಕಚ್ಚಿದೆ, ಮುಷ್ಟಿ ಬಿಗಿಯಾಯಿತು, ಕುತ್ತಿಗೆಯ ನರ ಉಬ್ಬಿತು, ತೊಡೆ ಮಾತ್ರ ಯಾರದೋ ತೊಡೆಯ ಹಾಗೆ ಬಿದ್ದಿತ್ತು. ನನಗೆ ಅಳು ಬಂದದ್ದು ನೋವಿಗಲ್ಲ, ಇದಕ್ಕೆ. ನನ್ನ ಮೈಯ ಒಂದು ಭಾಗ ನನ್ನ ಮಾತು ಕೇಳುವುದನ್ನು ಬಿಟ್ಟಿತ್ತು. ಕೀಲು ಬಾತುಕೊಂಡಾಗ ಮೈ ತಾನಾಗಿಯೇ ಆ ಸ್ನಾಯುವಿಗೆ ಹೋಗುವ ಅಪ್ಪಣೆಯನ್ನು ತಡೆಹಿಡಿಯುತ್ತದೆ, ಎಲ್ಲರಿಗೂ ಆಗುತ್ತದೆ ಎಂದು ಆಕೆ ಸಮಾಧಾನ ಮಾಡಿದಳು. ಆದರೆ ಅದನ್ನು ಮೊದಲ ವಾರವೇ ಎಬ್ಬಿಸಬೇಕಿತ್ತು.

ಆಮೇಲೆ ಕೋನ ಅಳೆಯುವ ಪ್ಲಾಸ್ಟಿಕ್ಕಿನ ಪಟ್ಟಿ ಹಿಡಿದಳು. ನಾನು ಮಕ್ಕಳಿಗೆ ಕೋನಮಾಪಕ ಕಲಿಸುವವಳು, ಆ ಗೆರೆಗಳನ್ನು ಓದಲು ಯಾರೂ ಹೇಳಿಕೊಡಬೇಕಿರಲಿಲ್ಲ. ಮಡಚುವುದು 60 ಡಿಗ್ರಿಗೆ ನಿಂತಿತು. ನೆಟ್ಟಗೆ ಮಾಡಿದರೆ 18 ಡಿಗ್ರಿ ಬಾಕಿ. ಎರಡು ವಾರಕ್ಕೆ ಸೊನ್ನೆಗೆ ಬರಬೇಕಾದದ್ದು. "ಮಡಚೋದು ತಡ ಆದ್ರೂ ಬರತೈತ್ರಿ. ಈ ಹದಿನೆಂಟು ಡಿಗ್ರಿ ಬಿಟ್ರ ಜೀವನಪೂರ್ತಿ ಕುಂಟತೀರಿ" ಅಂದಳು. ನನ್ನ ಕಾಲ ಕೆಳಗಿನಿಂದ ಅತ್ತೆಯ ದಿಂಬು ಎಳೆದು ಹಿಮ್ಮಡಿಯ ಕೆಳಗಿಟ್ಟಳು. ಮಂಡಿಗೆ ಆಸರೆಯೇ ಇಲ್ಲ. ಅದು ಗಾಳಿಯಲ್ಲಿ ತೂಗುತ್ತಾ ತನ್ನ ಭಾರಕ್ಕೆ ತಾನೇ ಕೆಳಕ್ಕೆ ಇಳಿಯಬೇಕು. ಒಂದು ನಿಮಿಷದೊಳಗೆ ಮಂಡಿಯ ಹಿಂದೆ ಬೆಂಕಿ ಇಟ್ಟ ಹಾಗಾಯಿತು. ಹತ್ತು ನಿಮಿಷ ಹೀಗೆ, ದಿನಕ್ಕೆ ಐದು ಸಲ ಅಂದಳು.

ಆ ಫೆಬ್ರುವರಿ, ಮಾರ್ಚ್ ನನ್ನ ಬದುಕಿನ ಅತಿ ಉದ್ದನೆಯ ತಿಂಗಳುಗಳು. ವಾರಕ್ಕೆ ಎರಡು ದಿನ ಹೊಸಪೇಟೆ, ಉಳಿದ ದಿನ ಮನೆಯಲ್ಲಿ. ಬೋರಲು ಮಲಗಿ ಮಂಡಿಯಿಂದ ಕೆಳಗಿನ ಕಾಲನ್ನು ಮಂಚದ ಆಚೆ ಇಳಿಬಿಟ್ಟು, ಹಿಮ್ಮಡಿಗೆ ತೂಕ ಕಟ್ಟಬೇಕಿತ್ತು. ತೂಕಕ್ಕೆ ಒಂದು ಕಿಲೋ ಜೋಳ ಬಟ್ಟೆಯ ಚೀಲದಲ್ಲಿ ಹಾಕಿ ಕಟ್ಟಿದೆವು. ಅತ್ತೆ ಮೊದಲ ದಿನ ನೋಡಲಾರದೆ ಹಿತ್ತಲಿಗೆ ಹೋದರು. ನಾನು ದಿಂಬು ಕಚ್ಚಿಕೊಂಡು ಚೀರಿದ್ದು ಬೀದಿಗೂ ಕೇಳಿಸಿತ್ತಂತೆ. ರಾತ್ರಿ ಅತ್ತೆ ನಮ್ಮ ಮನೆಯವರಿಗೆ, "ಆ ಹುಡುಗಿ ಹತ್ರ ಕರಕೊಂಡು ಹೋಗಬ್ಯಾಡಪಾ, ಕಾಲು ಕಿತ್ತು ಕೈಗೆ ಕೊಡತಾಳ" ಅನ್ನುತ್ತಿದ್ದುದು ನನಗೆ ಕೇಳಿಸುತ್ತಿತ್ತು. ನಮ್ಮ ಮನೆಯವರೂ ನಡುಗಿದ್ದರು. ನೋವು ಕೊಡುವ ಕೆಲಸ ಸರಿ ಹೇಗಾದೀತು ಎಂಬ ಅನುಮಾನ ಅವರಿಗೆ. ಸತ್ಯ ಹೇಳಬೇಕೆಂದರೆ ನನಗೂ ಇತ್ತು. ನಿದ್ದೆ ಬಾರದ ರಾತ್ರಿಗಳಲ್ಲಿ ಸ್ಟೇಷನ್ ಕಡೆ ಅದಿರು ತುಂಬಿದ ಗೂಡ್ಸ್ ಗಾಡಿ ಎಳೆಯುವ ಸದ್ದು ಕೇಳುತ್ತಾ ಒಂದೊಂದು ಡಬ್ಬಿ ಎಣಿಸುತ್ತಿದ್ದೆ. ಎಣಿಸುತ್ತಾ ಎಣಿಸುತ್ತಾ ಕಾಲು ತಾನಾಗಿ ದಿಂಬು ಹುಡುಕುತ್ತಿತ್ತು. ಎಚ್ಚರಾದಾಗ ದಿಂಬು ಮತ್ತೆ ಮಂಡಿಯ ಕೆಳಗೆ. ಕೊನೆಗೆ ಮಗಳಿಗೆ ಹೇಳಿ ಮನೆಯ ದಿಂಬುಗಳನ್ನೆಲ್ಲ ಒಳಕೋಣೆಗೆ ಹಾಕಿ ಚಿಲಕ ಹಾಕಿಸಿದೆ.

ಫಿಸಿಯೋ ಒಂದು ದಿನ ಹಳೆಯ ಸಂಗತಿಯೊಂದನ್ನು ಹೇಳಿದಳು. ಹಿಂದೆ ಈ ಆಪರೇಷನ್ ಆದವರ ಕಾಲಿಗೆ ವಾರಗಟ್ಟಲೆ ಪ್ಲಾಸ್ಟರ್ ಹಾಕಿ ಮಲಗಿಸುತ್ತಿದ್ದರಂತೆ. ಅಮೆರಿಕದಲ್ಲಿ ಶೆಲ್ಬೋರ್ನ್ ಎಂಬ ಮೊಣಕಾಲು ಸರ್ಜನ್ ತನ್ನ ರೋಗಿಗಳನ್ನು ಗಮನಿಸಿದಾಗ, ಹೇಳಿದ ಮಾತು ಕೇಳದೆ ಬೇಗ ಕಾಲೂರಿ ನಡೆದಾಡಿದವರ ಮಂಡಿಗಳೇ ಹೇಳಿದಂತೆ ಕೇಳಿದವರ ಮಂಡಿಗಳಿಗಿಂತ ಚೆನ್ನಾಗಿದ್ದವು. 1990ರಲ್ಲಿ ಆತ ಅದನ್ನು ಬರೆದು ಪ್ರಕಟಿಸಿದ. ಆಮೇಲೆ ಜಗತ್ತಿನಲ್ಲಿ ಈ ಮಲಗಿಸುವ ಪದ್ಧತಿ ಬದಲಾಯಿತು. ನಮ್ಮ ಮನೆಗಳಿಗೆ ಆ ಸುದ್ದಿ ಇನ್ನೂ ಬಂದಿಲ್ಲ. ನಾನು ಮನೆಗೆ ಬಂದು ಇದನ್ನು ಅತ್ತೆಗೆ ಹೇಳಿದೆ. ಅವರು ಸುಮ್ಮನೆ ಕೇಳಿದರು. ಮರುದಿನ ಬೆಳಿಗ್ಗೆ ನಾನು ಬೋರಲು ಮಲಗಿದಾಗ ಹಿತ್ತಲಿಗೆ ಹೋಗಲಿಲ್ಲ, ಮಂಚದ ಪಕ್ಕ ಕುಂತರು. ಕಾಲೆತ್ತುವ ವ್ಯಾಯಾಮಕ್ಕೆ ಬಂದಾಗ ತಾವೇ ಎಣಿಸಲು ಶುರುಮಾಡಿದರು. "ಲಾಭ... ಎರಡು... ಮೂರು..." ಕಣದಲ್ಲಿ ಸೇರಿನಿಂದ ಜೋಳ ಅಳೆಯುವಾಗ ಒಂದು ಅನ್ನುವುದಿಲ್ಲ, ಮೊದಲ ಸೇರಿಗೆ ಲಾಭ ಅನ್ನುತ್ತಾರೆ. ಆ ದಿನದಿಂದ ನನ್ನ ಮೊದಲ ಎತ್ತು ಯಾವಾಗಲೂ ಲಾಭ. ಹದಿಮೂರನೇ ದಿನಕ್ಕೋ ಹದಿನಾಲ್ಕನೇ ದಿನಕ್ಕೋ, ಅತ್ತೆ ಹತ್ತಕ್ಕೆ ನಿಲ್ಲಿಸದೆ ಹದಿನೈದರ ತನಕ ಎಣಿಸಿದರು. ನಾನೂ ಎತ್ತಿದೆ.

ಹದಿನೆಂಟು ಹನ್ನೆರಡಾಯಿತು, ಏಳಾಯಿತು. ಕೊನೆಯ ಐದು ಡಿಗ್ರಿಗೆ ಆರು ವಾರ ಹಿಡಿಯಿತು. ಮಂಡಿಚಿಪ್ಪನ್ನು ಹೆಬ್ಬೆರಳಿನಿಂದ ಮೇಲೆ ಕೆಳಗೆ, ಎಡಕ್ಕೆ ಬಲಕ್ಕೆ ಸರಿಸುವುದನ್ನು ನಮ್ಮ ಮನೆಯವರೇ ಕಲಿತರು. ಐಸಿಗೆ ಖಾಲಿ ಹಾಲಿನ ಪಾಕೀಟಿನಲ್ಲಿ ನೀರು ತುಂಬಿ ಫ್ರೀಜರಿನಲ್ಲಿಡುತ್ತಿದ್ದೆವು.

ಈ ನಡುವೆ ಒಂದು ವಿಚಿತ್ರ ಕೇಳಿದೆ. ಹೊಸ ಲಿಗಮೆಂಟು ಅತಿ ದುರ್ಬಲವಾಗಿರುವುದು ಆಪರೇಷನ್ ಆದ ತಕ್ಷಣ ಅಲ್ಲ. ಆರನೇ ವಾರದಿಂದ ಹನ್ನೆರಡನೇ ವಾರದವರೆಗೆ. ಕಸಿ ಮಾಡಿದ ರಜ್ಜು ಮೊದಲು ಒಳಗೊಳಗೇ ಸತ್ತು ಆಮೇಲೆ ಹೊಸ ರಕ್ತನಾಳ, ಹೊಸ ಜೀವಕೋಶ ತುಂಬಿಕೊಂಡು ಲಿಗಮೆಂಟಾಗಿ ಮಾರ್ಪಡುತ್ತದೆ. ಅಂದರೆ ಬಾವು ಇಳಿದು, ನೋವು ಕಡಿಮೆಯಾಗಿ, ನಾನು ಚೆನ್ನಾಗಿದ್ದೇನೆ ಅನ್ನಿಸುವ ಹೊತ್ತೇ ಅಪಾಯದ ಹೊತ್ತು. ಒಂಬತ್ತನೇ ವಾರ ಬಚ್ಚಲಲ್ಲಿ ಸೋಪಿನ ನೀರಿಗೆ ಕಾಲು ಸರಿಯಿತು. ಬೀಳಲಿಲ್ಲ, ಹಂಡೆ ಹಿಡಿದುಕೊಂಡೆ. ಆದರೂ ಆ ಇಡೀ ದಿನ ಮಂಡಿಯನ್ನು ಎರಡೂ ಕೈಯಲ್ಲಿ ಹಿಡಿದು ಕುಂತಿದ್ದೆ. ಹುಬ್ಬಳ್ಳಿಗೆ ಹೋಗಿ ತೋರಿಸಿ, ಸರಿಯಿದೆ ಎಂದು ಸರ್ಜನ್ ಹೇಳುವವರೆಗೆ ಮೂರು ದಿನ ಊಟ ಸೇರಲಿಲ್ಲ.

ನೋಡಲು ಬಂದ ನನ್ನ ಏಳನೇ ಕ್ಲಾಸಿನ ಹುಡುಗರು, "ಮಿಸ್, ರಿಷಭ್ ಪಂತ್‌ಗೂ ನಿಮ್ದಾ ಆಪರೇಷನ್ ಅಂತ್ರಿ" ಎಂದು ಸುದ್ದಿ ತಂದರು. 2022ರ ಡಿಸೆಂಬರ್ 30ರ ಬೆಳಗಿನ ಜಾವ ಆ ಕ್ರಿಕೆಟಿಗನ ಕಾರು ಅಪಘಾತಕ್ಕೀಡಾಗಿತ್ತು. ಜನವರಿಯಲ್ಲಿ ಮುಂಬೈನಲ್ಲಿ ಮಂಡಿಯ ಆಪರೇಷನ್, ನಾನೂ ಅವನೂ ಒಂದೇ ತಿಂಗಳು. ಅವನಿಗೆ ಆದದ್ದು ನನಗಿಂತ ಬಹಳ ದೊಡ್ಡ ಪೆಟ್ಟು. ಚೇತರಿಕೆಗೆ ಅವನು ಬೆಂಗಳೂರಿನ ರಾಷ್ಟ್ರೀಯ ಕ್ರಿಕೆಟ್ ಅಕಾಡೆಮಿಯಲ್ಲಿದ್ದ. ಹುಡುಗರು ಪ್ರತಿ ಸಲ ಬಂದಾಗ ಅವನ ಹೊಸ ವಿಡಿಯೋ ತೋರಿಸುತ್ತಿದ್ದರು. ಊರುಗೋಲು ಹಿಡಿದು ನಡೆದದ್ದು, ಈಜುಕೊಳದಲ್ಲಿ ಕೋಲು ಹಿಡಿದು ನಡೆದದ್ದು, ಮೆಟ್ಟಿಲು ಹತ್ತಿದ್ದು. ನಾನು ಅವನ ಮುಖವನ್ನೇ ನೋಡುತ್ತಿದ್ದೆ. ಮೆಟ್ಟಿಲ ಕೊನೆಯಲ್ಲಿ ಬಾಯಿ ಬಿಗಿಯುವುದು ಎಂಥದ್ದೆಂದು ನನಗೆ ಗೊತ್ತಿತ್ತು. ಆಟಗಾರರು ಚೇತರಿಸಿಕೊಳ್ಳುವ ಅಂಥ ಜಾಗ ನಮ್ಮ ಕಡೆಯೂ ಉಂಟು. ನಮ್ಮದೇ ತಾಲೂಕಿನ ತೋರಣಗಲ್ಲಿನ ಹತ್ತಿರ, ವಿಜಯನಗರದಲ್ಲಿ 2018ರಲ್ಲಿ ಶುರುವಾದ ಇನ್‌ಸ್ಪೈರ್ ಇನ್‌ಸ್ಟಿಟ್ಯೂಟ್ ಆಫ್ ಸ್ಪೋರ್ಟ್ ಇದೆ. ಮೊಣಕೈ ಆಪರೇಷನ್ ಆದ ಮೇಲೆ 2019ರಲ್ಲಿ ನೀರಜ್ ಚೋಪ್ರಾ ಅಲ್ಲಿದ್ದು ಚೇತರಿಸಿಕೊಂಡರು. ಅಂಥ ಕಟ್ಟಡ ನಮ್ಮ ಕಣ್ಣಳತೆಯಲ್ಲಿದ್ದೂ, ಬಿದ್ದ ಕೂಲಿಯವನಿಗೋ ಕಬಡ್ಡಿ ಆಡುವ ಹುಡುಗಿಗೋ ಮಂಡಿ ನೆಟ್ಟಗೆ ಮಾಡಿಸಲು ಊರಿನ ಹತ್ತಿರ ಒಬ್ಬ ಫಿಸಿಯೋ ಇಲ್ಲ. ಸಂಡೂರಿಗೆ ಒಂದು ಬಸ್ಸು, ಅಲ್ಲಿಂದ ಹೊಸಪೇಟೆಗೆ ಇನ್ನೊಂದು. ದಿನಗೂಲಿಯವರು ವಾರಕ್ಕೆರಡು ಸಲ ಹೇಗೆ ಹೋಗಬೇಕು? ಇದು ನನ್ನನ್ನು ಬಹಳ ಕಾಡಿದೆ.

ಏಪ್ರಿಲ್‌ನಲ್ಲಿ ವಿಧಾನಸಭೆ ಚುನಾವಣೆಯ ಡ್ಯೂಟಿ ಬಂತು. ಸರ್ಟಿಫಿಕೇಟು ಕೊಟ್ಟು ವಿನಾಯಿತಿ ಪಡೆದೆ. ಮೇ 10ರಂದು ವಾಕರ್ ಇಲ್ಲದೆ ನಡೆದು ಹೋಗಿ ಮತ ಹಾಕಿ ಬಂದೆ. ಮೇ ಕೊನೆಯಲ್ಲಿ ಶಾಲೆ ತೆರೆಯಿತು.

ಶಾಲೆಯ ಬಗ್ಗೆ ಒಂದು ಮಾತು ಹೇಳಲೇಬೇಕು. ಶಾಲೆಗೆ ಹೋಗುವ ಬಸ್ಸಿನ ಮೆಟ್ಟಿಲು ಎತ್ತರ. ಹತ್ತುವಾಗ ಗಟ್ಟಿ ಕಾಲು ಮೊದಲು, ಇಳಿಯುವಾಗ ಆಪರೇಷನ್ ಕಾಲು ಮೊದಲು ಎಂದು ಕಲಿತುಕೊಂಡೆ. ಕಂಡಕ್ಟರುಗಳು ಕಾಯುತ್ತಿದ್ದರು. ಅದು ಆಯಿತು. ಆಗದ್ದು ಶೌಚಾಲಯ. ಕುಕ್ಕರಗಾಲಿನಲ್ಲಿ ಕೂರಲು ಮಂಡಿ ಪೂರ್ತಿ ಮಡಚಬೇಕು, ನನ್ನದು ಇನ್ನೂ 115 ಡಿಗ್ರಿಯಲ್ಲಿತ್ತು. ಮನೆಯಲ್ಲಿ ಕಮೋಡ್ ಕುರ್ಚಿ ಇತ್ತು, ಶಾಲೆಯಲ್ಲಿ ಏನಿದೆ? ಬೆಳಿಗ್ಗೆ ಎಂಟರ ಮೇಲೆ ನೀರು ಕುಡಿಯುವುದನ್ನೇ ಬಿಟ್ಟೆ. ಬಿಸಿಯೂಟವೂ ಅರ್ಧ. ಜುಲೈ ಹೊತ್ತಿಗೆ ಉರಿಮೂತ್ರ, ಜ್ವರ. ಲಿಗಮೆಂಟಿನ ಯಾವ ಪುಸ್ತಕದಲ್ಲೂ ಇದನ್ನು ಬರೆದಿರಲಾರರು. ಆದರೆ ಈ ಆಪರೇಷನ್ ಆದ ಮೂವರು ಹೆಂಗಸರನ್ನು ಆಮೇಲೆ ಕಂಡಿದ್ದೇನೆ, ಮೂವರೂ ಇದನ್ನೇ ಹೇಳಿದರು, ದನಿ ತಗ್ಗಿಸಿ. ದನಿ ತಗ್ಗಿಸುವಂಥದ್ದು ಇದರಲ್ಲಿ ಏನೂ ಇಲ್ಲ. ಕೊನೆಗೆ ನಮ್ಮ ಹೆಡ್‌ಮೇಷ್ಟ್ರಿಗೆ ನೇರವಾಗಿ ಹೇಳಿದೆ. ಅವರು ಮರುವಾರವೇ ನಡುವೆ ತೂತಿರುವ ಸ್ಟೂಲೊಂದನ್ನು ಬಡಗಿಯ ಹತ್ತಿರ ಮಾಡಿಸಿ ಒಳಗಿರಿಸಿದರು. ಅದು ಇವತ್ತಿಗೂ ಅಲ್ಲಿದೆ, ಕಾಲು ಸರಿಯಿಲ್ಲದ ಒಬ್ಬ ಹುಡುಗಿ ಈಗ ಅದನ್ನು ಬಳಸುತ್ತಾಳೆ.

ಆಗಸ್ಟಿನಲ್ಲಿ ಕುಸ್ತಿಪಟು ವಿನೇಶ್ ಫೋಗಟ್ ಮಂಡಿಗೆ ಪೆಟ್ಟಾಗಿ, ಆಪರೇಷನ್ ಮಾಡಿಸಿಕೊಂಡು, ಏಷ್ಯನ್ ಗೇಮ್ಸ್ ತಪ್ಪಿಸಿಕೊಂಡ ಸುದ್ದಿ ಬಂತು. 2016ರ ರಿಯೋ ಒಲಿಂಪಿಕ್ಸ್‌ನಲ್ಲೂ ಅವಳನ್ನು ಮಂಡಿಯ ಪೆಟ್ಟಿನಿಂದಲೇ ಸ್ಟ್ರೆಚರಿನಲ್ಲಿ ಒಯ್ದಿದ್ದರು. ಪೇಪರ್ ಹಿಡಿದುಕೊಂಡು ಬಹಳ ಹೊತ್ತು ಕುಂತೆ. ಎರಡನೇ ಸಲ ಈ ದಾರಿಗೆ ಕಾಲಿಡಲು ಎಂಥ ಎದೆ ಬೇಕು. ಮುಂದಿನ ವರ್ಷ ಪ್ಯಾರಿಸ್ಸಿನಲ್ಲಿ ಅವಳು ಫೈನಲ್ ತಲುಪಿದ ರಾತ್ರಿ ನಮ್ಮ ಮನೆಯಲ್ಲಿ ಅತ್ತೆಯೂ ಟಿವಿ ಮುಂದೆ ಇದ್ದರು. ಮರುದಿನ ನೂರು ಗ್ರಾಂ ತೂಕ ಹೆಚ್ಚಾಯಿತೆಂದು ಅವಳನ್ನು ಹೊರಗೆ ಹಾಕಿದ್ದಕ್ಕೆ ಅತ್ತೆ ಮನೆಯವಳಿಗೇ ಆದಂತೆ ಸಂಕಟಪಟ್ಟರು.

ಒಂಬತ್ತು ತಿಂಗಳಿಗೆ ಮುಂಚೆ ಆಟಕ್ಕೆ ಇಳಿಯಬೇಡಿ ಎಂದು ಫಿಸಿಯೋ ಕಟ್ಟುನಿಟ್ಟಾಗಿ ಹೇಳಿದ್ದಳು. ನಾರ್ವೆ ಮತ್ತು ಅಮೆರಿಕದವರು ಕೂಡಿ 2016ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಒಂಬತ್ತು ತಿಂಗಳ ತನಕ ತಡೆದ ಒಂದೊಂದು ತಿಂಗಳಿಗೂ ಮತ್ತೆ ಪೆಟ್ಟಾಗುವ ಸಂಭವ ಅರ್ಧದಷ್ಟು ಇಳಿಯುತ್ತದೆ. ನಾನು ಹನ್ನೊಂದು ತಿಂಗಳು ಕಾದೆ. ಡಿಸೆಂಬರಿನಲ್ಲಿ ಒಂಟಿಗಾಲಿನ ಜಿಗಿತ ಅಳೆದರು. ಬಲಗಾಲಿನ ನೂರಕ್ಕೆ ಎಡಗಾಲಿನದು 92 ಬಂತು. ಚಕ್ಕಳಮಕ್ಕಳ ಹಾಕಿ ನೆಲದ ಮೇಲೆ ಕುಂತು ಉಂಡದ್ದು ಅದಕ್ಕೂ ಮುಂಚೆ, ದಸರೆಯಲ್ಲಿ. ಎದ್ದೇಳುವಾಗ ಮಗಳ ಕೈ ಹಿಡಿದೆ. ಥ್ರೋಬಾಲ್ ಆಡಿಲ್ಲ. ಆಡಲಾರೆ ಅಂತಲ್ಲ, ಹಾರುವ ಹೊತ್ತಿಗೆ ಮನಸ್ಸು ಹಿಂದೆ ಎಳೆಯುತ್ತದೆ. ಈಗ ಹುಡುಗಿಯರಿಗೆ ಆಟದ ಮುಂಚೆ ಹದಿನೈದು ನಿಮಿಷ ಇಳಿಯುವುದನ್ನೇ ಕಲಿಸುತ್ತೇನೆ. ಎರಡೂ ಕಾಲಿನ ಮೇಲೆ, ಮಂಡಿ ಮಡಚಿ, ಮಂಡಿ ಒಳಕ್ಕೆ ವಾಲದ ಹಾಗೆ.

ಹೋದ ತಿಂಗಳು ನಮ್ಮ ಓಣಿಯ ಆಚೆ, ಕಬಡ್ಡಿ ಆಡುವ ಪಿಯುಸಿ ಹುಡುಗಿಯೊಬ್ಬಳಿಗೆ ಇದೇ ಆಪರೇಷನ್ ಆಗಿ ಮನೆಗೆ ಬಂದಳೆಂದು ಕೇಳಿ, ಅತ್ತೆಯೂ ನಾನೂ ನೋಡಲು ಹೋದೆವು. ಮಂಚ, ಕಾಲು ಸೂಪಿನ ಪಾತ್ರೆ, ಮಂಡಿಯ ಕೆಳಗೆ ಎರಡು ದಿಂಬು. ಆರನೇ ದಿನ. ಆಸ್ಪತ್ರೆಯ ಕಾಗದ ಕೇಳಿ ಓದಿದೆ. ಮೆನಿಸ್ಕಸ್ ಹೊಲಿದಿರಲಿಲ್ಲ, ನೆಟ್ಟಗೆ ಮಾಡಬಾರದು ಎಂದೇನೂ ಇರಲಿಲ್ಲ. ಆಸ್ಪತ್ರೆಯ ನಂಬರಿಗೆ ಫೋನು ಹಚ್ಚಿ ಅವಳ ತಂದೆಯಿಂದಲೇ ಕೇಳಿಸಿದೆ. ಆಮೇಲೆ ಎರಡೂ ದಿಂಬು ತೆಗೆದು ಒಂದನ್ನು ಹಿಮ್ಮಡಿಯ ಕೆಳಗಿಟ್ಟೆ. ಹುಡುಗಿ ಕಣ್ಣು ಮುಚ್ಚಿಕೊಂಡಳು. ಅವಳ ತಾಯಿ ನನ್ನ ಕಡೆ ನೋಡಿದ ನೋಟ ನನಗೆ ಚೆನ್ನಾಗಿ ಗೊತ್ತು. ಅತ್ತೆ ಆ ತಾಯಿಯ ಪಕ್ಕದಲ್ಲಿ ಕುಂತು ಏನೇನೋ ಹೇಳಿದರು.

ಹೊರಗೆ ಬಂದು ಚಪ್ಪಲಿ ಮೆಟ್ಟುವಾಗ ಕಿಟಕಿಯಲ್ಲಿ ಕಂಡಿತು. ತಾಯಿ ದಿಂಬನ್ನು ಮೆಲ್ಲಗೆ ಎತ್ತಿ ಮತ್ತೆ ಮಂಡಿಯ ಕೆಳಗೆ ಇಡುತ್ತಿದ್ದಳು. ಚಪ್ಪಲಿ ಬಿಟ್ಟು ಮತ್ತೆ ಒಳಗೆ ಹೋದೆವು.